ಅಪ್ಪ ಆಡಿದ ಕ್ಲಬ್ಬಿಗೇ ಮಗ: ಆಸ್ಟ್ರೇಲಿಯಾ ಫೂಟಿ ಡ್ರಾಫ್ಟಿನ ಲೆಕ್ಕ, ಹಂತ ಹಂತವಾಗಿ

ಮಗಳ ಬಾಣಂತನಕ್ಕೋ ಮೊಮ್ಮಕ್ಕಳ ಜೊತೆ ಆರು ತಿಂಗಳು ಇದ್ದು ಬರೋಣ ಅಂತಲೋ ಮೆಲ್ಬರ್ನಿಗೆ ಹೋಗುವ ನಮ್ಮವರಿಗೆ ಅಲ್ಲಿನ ಫುಟ್‌ಬಾಲ್ ಮೊದಲ ವಾರ ಗಲಾಟೆಯಂತೆ ಕಾಣುತ್ತದೆ. ಕ್ರಿಕೆಟ್ ಮೈದಾನದಲ್ಲಿ ಒಂದೊಂದು ಕಡೆ 18 ಜನ, ಮೊಟ್ಟೆಯಾಕಾರದ ಚೆಂಡು, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ಎರಡನೇ ತಿಂಗಳಿಗೆ ಆಟ ಅರ್ಥವಾಗುತ್ತದೆ, ಮೂರನೇ ತಿಂಗಳಿಗೆ ಅಳಿಯನ ತಂಡವೇ ನಮ್ಮ ತಂಡವೂ ಆಗುತ್ತದೆ. ಅಲ್ಲಿಗೂ ಅರ್ಥವಾಗದೆ ಉಳಿಯುವುದು ನವೆಂಬರ್ ಕೊನೆಯ ಒಂದು ರಾತ್ರಿ, ಕ್ಲಬ್ಬುಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್. ಟೀವಿಯಲ್ಲಿ ಆಟವಿಲ್ಲ. ಸೂಟು ಹಾಕಿ ಕೂತ 18 ವರ್ಷದ ಹುಡುಗರು, ಪಕ್ಕದಲ್ಲಿ ಅವರ ಅಪ್ಪ ಅಮ್ಮ. ಒಂದು ಕ್ಲಬ್ಬು ಒಬ್ಬ ಹುಡುಗನ ಹೆಸರು ಹೇಳುತ್ತದೆ. ಹುಡುಗ ಮಾತ್ರ ಎದ್ದು ಹೋಗುವುದು ಬೇರೆ ಕ್ಲಬ್ಬಿಗೆ. ಯಾರೂ ಆಕ್ಷೇಪ ಎತ್ತುವುದಿಲ್ಲ, ಚಪ್ಪಾಳೆ ಬೀಳುತ್ತದೆ.

ಅದಕ್ಕೆ ಕಾರಣ ಫಾದರ್-ಸನ್ ನಿಯಮ. ಅಪ್ಪ ಒಂದು ಕ್ಲಬ್ಬಿಗೆ ಸಾಕಷ್ಟು ಆಡಿದ್ದರೆ ಮಗನ ಮೇಲೆ ಆ ಕ್ಲಬ್ಬಿಗೆ ಮೊದಲ ಹಕ್ಕು. ಹೇಳಲು ಒಂದೇ ಸಾಲು. ಒಳಗೆ ಇಳಿದರೆ ಇದು ಅಡಿಕೆ ಮಂಡಿಯ ಲೆಕ್ಕದಷ್ಟೇ ಕಟ್ಟುನಿಟ್ಟು. ಕಾಗದ, ಪೆನ್ಸಿಲ್ ಹಿಡಿದು ಕೂತರೆ ಒಂದು ಸಂಜೆಗೆ ಕಲಿಯಬಹುದು.

ಶುರುವಾದದ್ದು ಹೇಗೆ ಎಂಬುದನ್ನು ಮೊದಲು ಕೇಳಿ. ರಾನ್ ಬರಾಸಿ ಎಂಬಾತ ಮೆಲ್ಬರ್ನ್ ಕ್ಲಬ್ಬಿನ ಆಟಗಾರ, ಅಂಗಿಯ ಮೇಲೆ 31 ನಂಬರು. 1940ರಲ್ಲಿ ಚಾಂಪಿಯನ್ ಆದ ತಂಡದಲ್ಲಿದ್ದ. ಮರುವರ್ಷ ಲಿಬಿಯಾದ ಟೊಬ್ರುಕ್‌ನಲ್ಲಿ ಯುದ್ಧದಲ್ಲಿ ಸತ್ತ. ಊರಲ್ಲಿ ಉಳಿದ ಮಗನಿಗೆ ಆಗ ಐದು ವರ್ಷ, ಹೆಸರು ಅದೇ, ರಾನ್ ಬರಾಸಿ. ಆ ಕಾಲದಲ್ಲಿ ವಿಕ್ಟೋರಿಯಾದ ಲೀಗಿನಲ್ಲಿ ಡ್ರಾಫ್ಟ್ ಇರಲಿಲ್ಲ, ವಲಯಗಳಿದ್ದವು. ಮನೆ ಯಾವ ಬೀದಿಯಲ್ಲಿದೆಯೋ ಆ ಬೀದಿಯ ಕ್ಲಬ್ಬಿಗೇ ಹುಡುಗ ಹೋಗಬೇಕು. ಬರಾಸಿಯ ಮನೆ ಮೆಲ್ಬರ್ನ್ ಕ್ಲಬ್ಬಿನ ವಲಯದೊಳಗೆ ಬರುತ್ತಿರಲಿಲ್ಲ. ಕ್ಲಬ್ಬಿನವರು ಲೀಗಿನ ಬಾಗಿಲು ಬಡಿದರು, ಬಡಿಯುತ್ತಲೇ ಇದ್ದರು. ಕೊನೆಗೆ 1949ರಲ್ಲಿ ಈ ವಿನಾಯಿತಿ ಬಂತು. ತಮಾಷೆಯೆಂದರೆ ಅದರ ಅಡಿ ಮೊದಲು ಆಡಿದವನು ಕಾರ್ಲ್ಟನ್‌ನ ಹಾರ್ವಿ ಡನ್. ಬರಾಸಿ ಬಂದದ್ದು ಅವನ ನಂತರ. ಬಂದವನು ಅಪ್ಪನ 31 ನಂಬರನ್ನೇ ತೊಟ್ಟು, ಮೆಲ್ಬರ್ನ್‌ಗೆ ಆಟಗಾರನಾಗಿ ಆರು ಪ್ರಶಸ್ತಿ ಗೆದ್ದುಕೊಟ್ಟ. ಮೆಲ್ಬರ್ನ್ ಕ್ರಿಕೆಟ್ ಮೈದಾನದ ಹೊರಗೆ ಈಗ ಅವನ ಪ್ರತಿಮೆಯಿದೆ. ಅಲ್ಲಿಗೆ ಹೋದಾಗ ಬ್ರಾಡ್‌ಮನ್ ಪ್ರತಿಮೆಯ ಜೊತೆ ಫೋಟೋ ತೆಗೆಸಿಕೊಂಡು ಬರುವವರು ಇದನ್ನೂ ಒಮ್ಮೆ ನೋಡಿ.

ಹಂತ 1: ಸರದಿ ಅರ್ಥ ಮಾಡಿಕೊಳ್ಳಿ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್, ಅಂದರೆ ಎಎಫ್ಎಲ್‌ನಲ್ಲಿ ಈಗ 18 ಕ್ಲಬ್ಬುಗಳು. 1986ರಿಂದ ಪ್ರತಿ ವರ್ಷ ರಾಷ್ಟ್ರೀಯ ಡ್ರಾಫ್ಟ್ ನಡೆಯುತ್ತಿದೆ. ಆ ವರ್ಷದ ಡಿಸೆಂಬರ್ 31ರೊಳಗೆ 18 ತುಂಬುವ ಹುಡುಗರು ಅದಕ್ಕೆ ಹೆಸರು ಕೊಡಬಹುದು. ನಮ್ಮ ಐಪಿಎಲ್ ಹರಾಜಿನಂತೆ ದುಡ್ಡು ಕೂಗುವ ವ್ಯವಹಾರ ಇಲ್ಲಿಲ್ಲ. ಸರದಿ ಅಷ್ಟೇ. ಅಂಕಪಟ್ಟಿಯಲ್ಲಿ ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯದು. 18 ಮುಗಿದ ಮೇಲೆ ಮತ್ತೆ ಕೆಳಗಿನಿಂದ ಎರಡನೇ ಸುತ್ತು. ಒಂದೊಂದು ಸರದಿಗೂ ಪಿಕ್ ಎಂದು ಹೆಸರು. ಪಿಕ್ 1, ಪಿಕ್ 2, ಹೀಗೆ. ಈ ಪಿಕ್‌ಗಳನ್ನು ಕ್ಲಬ್ಬುಗಳು ತಮ್ಮ ತಮ್ಮಲ್ಲಿ ಅದಲುಬದಲು ಮಾಡಿಕೊಳ್ಳಬಹುದು, ಆಟಗಾರನ ಬದಲಿಗೆ ಕೊಡಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಐದನೇ ಹಂತಕ್ಕೆ ಬೇಕಾಗುತ್ತದೆ.

ಸೋತವರಿಗೆ ಒಳ್ಳೆಯ ಹುಡುಗರು ಸಿಗಲಿ, ಲೀಗ್ ಸಮತಟ್ಟಾಗಲಿ ಎಂಬುದು ಡ್ರಾಫ್ಟಿನ ಉದ್ದೇಶ. ಫಾದರ್-ಸನ್ ನಿಯಮ ಅದಕ್ಕೆ ನೇರ ಉಲ್ಟಾ: ಗೆದ್ದ ತಂಡಕ್ಕೂ ವರ್ಷದ ಅತ್ಯುತ್ತಮ ಹುಡುಗ ಸಿಗಬಹುದು. ಈ ನಿಯಮದ ಮೇಲೆ ನಡೆದ ತಿದ್ದುಪಡಿ, ಜಗಳಗಳೆಲ್ಲ ಈ ಒಂದು ವಿರೋಧದಿಂದಲೇ ಹುಟ್ಟಿದವು.

ಹಂತ 2: ಅಪ್ಪನ ಪಂದ್ಯಗಳನ್ನು ಎಣಿಸಿ

ಈಗಿನ ಗಡಿ 100. ಅಪ್ಪ ಅದೇ ಕ್ಲಬ್ಬಿನ ಮುಖ್ಯ ತಂಡಕ್ಕೆ ಕನಿಷ್ಠ 100 ಪಂದ್ಯ ಆಡಿರಬೇಕು. ಎರಡನೇ ತಂಡದ ಆಟ ಲೆಕ್ಕಕ್ಕಿಲ್ಲ. 99 ಆಡಿ ಮೊಣಕಾಲು ಮುರಿದುಕೊಂಡು ಮನೆಗೆ ಹೋದವನ ಮಗನಿಗೂ ಇಲ್ಲ. ಹಿಂದೆ ಗಡಿ ಇಷ್ಟು ಎತ್ತರ ಇರಲಿಲ್ಲ, 50 ಪಂದ್ಯ ಸಾಕಿದ್ದ ಕಾಲವಿತ್ತು. ಬ್ರಿಸ್ಬೇನ್‌ನ ದೈತ್ಯ ಜೊನಾಥನ್ ಬ್ರೌನ್ 1999ರಲ್ಲಿ 30ನೇ ಪಿಕ್‌ನಲ್ಲಿ ಸಿಕ್ಕಿದ್ದು ಹಾಗೆ. ಅವನ ಅಪ್ಪ ಬ್ರಯಾನ್ ಬ್ರೌನ್ ಫಿಟ್ಜ್‌ರಾಯ್ ಕ್ಲಬ್ಬಿಗೆ ಆಡಿ 50ರ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದ್ದ. ಅಪ್ಪ ಇನ್ನೆರಡು ವಾರ ಜ್ವರ ಬಂದು ಮಲಗಿದ್ದರೆ ಬ್ರಿಸ್ಬೇನ್‌ನ ಇತಿಹಾಸವೇ ಬೇರೆ ಆಗುತ್ತಿತ್ತು.

ಅಪ್ಪ ಆಡಿದ್ದು ಫಿಟ್ಜ್‌ರಾಯ್‌ಗೆ, ಮಗ ಹೋದದ್ದು ಬ್ರಿಸ್ಬೇನ್‌ಗೆ, ಅದು ಹೇಗೆ ಎಂದು ನೀವು ಕೇಳಬೇಕು. ಫಿಟ್ಜ್‌ರಾಯ್ ದಿವಾಳಿಯ ಅಂಚಿಗೆ ಬಂದು 1996ರ ಕೊನೆಗೆ ಬ್ರಿಸ್ಬೇನ್ ಬೇರ್ಸ್ ಜೊತೆ ಸೇರಿ ಬ್ರಿಸ್ಬೇನ್ ಲಯನ್ಸ್ ಆಯಿತು. ಸಿಂಹದ ಲಾಂಛನದ ಜೊತೆ ಹಳೆಯ ಆಟಗಾರರ ಮಕ್ಕಳ ಹಕ್ಕೂ ಹೊಸ ಮನೆಗೆ ಬಂತು.

ಅಡಿಲೇಡ್, ಪರ್ತ್ ಕಡೆಯ ಕ್ಲಬ್ಬುಗಳದ್ದು ಬೇರೆಯೇ ಕಥೆ. ಅವು ಲೀಗಿಗೆ ತಡವಾಗಿ ಸೇರಿದವು. ಅಲ್ಲಿನ ಅಪ್ಪಂದಿರು ಆಡಿದ್ದು ತಮ್ಮ ರಾಜ್ಯದ ಲೀಗಿನಲ್ಲಿ. ಹಾಗಾಗಿ ಆ ರಾಜ್ಯ ಲೀಗಿನ ಪಂದ್ಯಗಳನ್ನು, ನಿರ್ದಿಷ್ಟ ಅವಧಿಯೊಳಗೆ, ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಆಡಿರಬೇಕೆಂದು ಪ್ರತ್ಯೇಕ ಷರತ್ತು ಮಾಡಿದರು. ಬ್ರೈಸ್ ಗಿಬ್ಸ್ ಸಿಕ್ಕಿಬಿದ್ದದ್ದು ಇಲ್ಲೇ. ಅಪ್ಪ ರಾಸ್ ಗಿಬ್ಸ್ ರಾಜ್ಯ ಲೀಗಿನ ಗ್ಲೆನೆಲ್ಗ್ ಕ್ಲಬ್ಬಿನ ಹಳೆಯ ಹುಲಿ, ಮಗ ಅಡಿಲೇಡ್ ಹುಡುಗ. ಆದರೂ ಲೆಕ್ಕ ಷರತ್ತಿಗೆ ಕೂಡಿಬರಲಿಲ್ಲ. 2006ರಲ್ಲಿ ಹುಡುಗ ಮೊದಲ ಪಿಕ್ ಆಗಿ ದೂರದ ಕಾರ್ಲ್ಟನ್‌ಗೆ ಹೋದ.

ಹಂತ 3: ಹುಡುಗನ ಮನಸ್ಸು ಕೇಳಿ

ಹಕ್ಕು ಕ್ಲಬ್ಬಿನದು, ಬಲವಂತ ಮಾತ್ರ ಇಲ್ಲ. ಡ್ರಾಫ್ಟಿಗೆ ಮೊದಲೇ ಕ್ಲಬ್ಬು ಮತ್ತು ಹುಡುಗ ಇಬ್ಬರೂ ಒಪ್ಪಬೇಕು. ಹುಡುಗ ಬೇಡ ಎಂದರೆ ಎಲ್ಲರಂತೆ ಸರದಿಯಲ್ಲಿ ನಿಲ್ಲುತ್ತಾನೆ, ಯಾರು ಕರೆದರೆ ಅವರ ಜೊತೆ ಹೋಗುತ್ತಾನೆ. ಮಾರ್ಕ್ ಮರ್ಫಿ ಹಾಗೆ ಮಾಡಿದ. ಅಪ್ಪ ಜಾನ್ ಮರ್ಫಿ ಫಿಟ್ಜ್‌ರಾಯ್‌ನವನಾದ್ದರಿಂದ ಬ್ರಿಸ್ಬೇನ್ ಕೈಬೀಸಿ ಕರೆಯಿತು. ಮಗ ಹೋಗಲಿಲ್ಲ. 2005ರಲ್ಲಿ ತೆರೆದ ಡ್ರಾಫ್ಟಿಗೆ ಇಳಿದು ಮೊದಲ ಪಿಕ್ ಆಗಿ ಕಾರ್ಲ್ಟನ್ ಸೇರಿ, ಮುಂದೆ ಅದರ ನಾಯಕನಾಗಿ 300 ಪಂದ್ಯ ಆಡಿದ.

ಅಪ್ಪ ಎರಡು ಕ್ಲಬ್ಬಿಗೆ ನೂರು ನೂರು ಆಡಿದ್ದರೆ ಮಗನ ಮುಂದೆ ಎರಡು ಬಾಗಿಲು. ಜೋ ಡ್ಯಾನಿಹರ್‌ನ ಅಪ್ಪ ಆಂಟನಿ ಸಿಡ್ನಿಗೂ ಎಸೆಂಡನ್‌ಗೂ ಗಡಿ ದಾಟಿದ್ದ. ಮಗ 2012ರಲ್ಲಿ ಎಸೆಂಡನ್ ಎಂದ. ನಿಕ್ ಬ್ಲೇಕಿಯದು ಇನ್ನೂ ಮಜಾ. ಅಪ್ಪ ಜಾನ್ ಬ್ಲೇಕಿ ಫಿಟ್ಜ್‌ರಾಯ್‌ಗೂ ನಾರ್ತ್ ಮೆಲ್ಬರ್ನ್‌ಗೂ ಆಡಿದ್ದರಿಂದ ಬ್ರಿಸ್ಬೇನ್, ನಾರ್ತ್ ಎರಡೂ ತೆರೆದಿದ್ದವು. ಹುಡುಗ ಬೆಳೆದದ್ದು ಸಿಡ್ನಿಯ ತರಬೇತಿ ಅಕಾಡೆಮಿಯಲ್ಲಾದ್ದರಿಂದ ಆ ಕ್ಲಬ್ಬಿಗೂ ಬೇರೆ ನಿಯಮದ ಅಡಿ ಹಕ್ಕಿತ್ತು. ಅಪ್ಪನ ಎರಡು ಮನೆ ಬಿಟ್ಟು ತಾನು ಬೆಳೆದ ಮನೆಯನ್ನೇ ಹಿಡಿದ. ನನ್ನನ್ನು ಕೇಳಿದರೆ ಸರಿಯಾದದ್ದನ್ನೇ ಮಾಡಿದ.

ಹಂತ 4: ಬಿಡ್‌ಗೆ ಕಾಯಿರಿ

ಇಲ್ಲಿಂದ ಡ್ರಾಫ್ಟ್ ರಾತ್ರಿ. ಐಪಿಎಲ್ ನೋಡುವವರಿಗೆ ಇದು ಬೇಗ ಹಿಡಿಯುತ್ತದೆ, ಏಕೆಂದರೆ ಅಲ್ಲಿನ 'ರೈಟ್ ಟು ಮ್ಯಾಚ್' ಕಾರ್ಡಿನ ದಾಯಾದಿ ಇದು. ಬೇರೆಯವರು ಬೆಲೆ ಕಟ್ಟುತ್ತಾರೆ, ಹಳೆಯ ತಂಡ ಅಷ್ಟನ್ನೇ ಕೊಟ್ಟು ಉಳಿಸಿಕೊಳ್ಳುತ್ತದೆ.

2021ರ ಡ್ರಾಫ್ಟನ್ನೇ ತಗೊಳ್ಳಿ. ಪಿಕ್ 1 ನಾರ್ತ್ ಮೆಲ್ಬರ್ನ್‌ನದು, ಜೇಸನ್ ಹಾರ್ನ್-ಫ್ರಾನ್ಸಿಸ್‌ನನ್ನು ಕರೆಯಿತು. ಪಿಕ್ 2 ಗ್ರೇಟರ್ ವೆಸ್ಟರ್ನ್ ಸಿಡ್ನಿಯದು. ಅದು ಹೇಳಿದ ಹೆಸರು ಸ್ಯಾಮ್ ಡಾರ್ಸಿ. ಈ ಹುಡುಗನ ಅಪ್ಪ ಲ್ಯೂಕ್, ತಾತ ಡೇವಿಡ್ ಇಬ್ಬರೂ ಈಗ ವೆಸ್ಟರ್ನ್ ಬುಲ್‌ಡಾಗ್ಸ್ ಎನ್ನುವ ಫುಟ್‌ಸ್ಕ್ರೇ ಕ್ಲಬ್ಬಿನವರು. ಬೇರೆ ಕ್ಲಬ್ಬಿನ ಮನೆಮಗನ ಹೆಸರನ್ನು ಹೀಗೆ ಕೂಗುವುದಕ್ಕೇ ಬಿಡ್ ಎನ್ನುವುದು. ಕೂಗಿದೊಡನೆ ಗಡಿಯಾರ ಓಡುತ್ತದೆ. ಬುಲ್‌ಡಾಗ್ಸ್‌ಗೆ ಕೆಲವೇ ನಿಮಿಷ. ಬೇಕು ಎಂದರೆ 'ಮ್ಯಾಚ್', ಬೇಡ ಎಂದರೆ ಹುಡುಗ ಬಿಡ್ ಮಾಡಿದವರ ಪಾಲು. ಬುಲ್‌ಡಾಗ್ಸ್ ಬೇಕು ಎಂದಿತು.

ಮುಂದೆ ಪಿಕ್ 4ರಲ್ಲಿ ಗೋಲ್ಡ್ ಕೋಸ್ಟ್ ಕೂಗಿದ್ದು ನಿಕ್ ಡೇಕಾಸ್ ಹೆಸರು. ಕಾಲಿಂಗ್‌ವುಡ್‌ಗೆ 250 ಪಂದ್ಯ ಆಡಿದ ಪೀಟರ್ ಡೇಕಾಸ್‌ನ ಕಿರಿಯ ಮಗ. ಅಣ್ಣ ಜಾಶ್ 2016ರಲ್ಲೇ ಆ ಕ್ಲಬ್ ಸೇರಿದ್ದ. ಅಣ್ಣನಿಗೆ ಯಾರೂ ಮೇಲೆ ಬಿಡ್ ಮಾಡಿರಲಿಲ್ಲ, 57ನೇ ಪಿಕ್‌ನಲ್ಲಿ ಬಂದಿದ್ದ. ತಮ್ಮನಿಗೆ ಕಾಲಿಂಗ್‌ವುಡ್ 4ನೇ ಪಿಕ್‌ನ ಬೆಲೆ ತೆರಬೇಕಾಯಿತು. ನಿಕ್ ಅಪ್ಪನ 35 ನಂಬರು ತೊಟ್ಟ. 2023ರಲ್ಲಿ ಅಣ್ಣತಮ್ಮ ಇಬ್ಬರೂ ಪ್ರಶಸ್ತಿ ಗೆದ್ದ ತಂಡದಲ್ಲಿದ್ದರು. ಆ ತಂಡದ ನಾಯಕ ಡಾರ್ಸಿ ಮೂರ್ ಕೂಡ ಫಾದರ್-ಸನ್ ನಿಯಮದಲ್ಲೇ ಬಂದವನು.

ಸಿಗಲಾರದ ಹುಡುಗನ ಹೆಸರನ್ನು ಗೋಲ್ಡ್ ಕೋಸ್ಟ್ ಯಾಕೆ ಕೂಗಬೇಕು? ಒಂದು, ಅವನನ್ನು ನಿಜವಾಗಿಯೂ ಅಷ್ಟು ಮೇಲೆ ಲೆಕ್ಕ ಹಾಕಿರುತ್ತಾರೆ. ಇನ್ನೊಂದು, ಪಕ್ಕದ ಮನೆಯವನಿಗೆ ಅಗ್ಗದಲ್ಲಿ ಸಿಗುವುದನ್ನು ನೋಡಲಾಗದ ಹೊಟ್ಟೆಕಿಚ್ಚು. ಆದರೆ ಆಟವಾಡಿಸಲೆಂದು ಕೂಗಿ, ಆಚೆಯವರು 'ಬೇಡ ಬಿಡಿ' ಎಂದರೆ ಹುಡುಗ ಇವರ ಕೊರಳಿಗೇ ಬೀಳುತ್ತಾನೆ. ಆ ಭಯ ಇರುವುದರಿಂದ ಸುಳ್ಳು ಕೂಗು ಕಡಿಮೆ.

ಹಂತ 5: ಪಾಯಿಂಟ್ ಲೆಕ್ಕ ಹಾಕಿ

ಪೆನ್ಸಿಲ್ ಬೇಕಾಗುವುದು ಈಗ. 2015ರಲ್ಲಿ ಲೀಗ್ ಪ್ರತಿ ಪಿಕ್‌ಗೂ ಒಂದು ಬೆಲೆ ಕಟ್ಟಿತು. ಪಿಕ್ 1ಕ್ಕೆ 3000 ಪಾಯಿಂಟ್, ಪಿಕ್ 2ಕ್ಕೆ 2517, ಪಿಕ್ 3ಕ್ಕೆ 2234, ಪಿಕ್ 4ಕ್ಕೆ 2034. ಹೀಗೆ ಇಳಿಯುತ್ತಾ 73ನೇ ಪಿಕ್‌ಗೆ 9 ಪಾಯಿಂಟ್, ಆಮೇಲೆ ಸೊನ್ನೆ. ಬಿಡ್ ಎಷ್ಟನೇ ಪಿಕ್‌ನಲ್ಲಿ ಬಂತೋ ಅದರ ಬೆಲೆಯನ್ನು ಅಪ್ಪನ ಕ್ಲಬ್ಬು ತನ್ನ ಕೈಯಲ್ಲಿರುವ ಪಿಕ್‌ಗಳಿಂದ ತುಂಬಿಕೊಡಬೇಕು. ಮನೆಮಗ ಎಂದು ಮೊದಲ ಸುತ್ತಿನ ಬಿಡ್‌ಗೆ ಶೇಕಡಾ 20 ರಿಯಾಯಿತಿ ಬೇರೆ ಇತ್ತು.

ಒಂದು ಲೆಕ್ಕ ಮಾಡೋಣ. ಬಿಡ್ ಬಂದದ್ದು ಪಿಕ್ 4ರಲ್ಲಿ. ಅಪ್ಪನ ಕ್ಲಬ್ಬಿನ ಕೈಯಲ್ಲಿ ಇರುವುದು 38, 40, 42, 44ನೇ ಪಿಕ್‌ಗಳು ಎಂದಿಟ್ಟುಕೊಳ್ಳಿ. 2015ರ ಈ ಪಟ್ಟಿಯ ಪ್ರಕಾರವೇ ಹೋಗೋಣ, ಅದು ಆಮೇಲೆ ಬದಲಾದದ್ದನ್ನು ಮುಂದೆ ಹೇಳುತ್ತೇನೆ.

ಕೊಡಬೇಕಾದ್ದು: 2034ರಲ್ಲಿ ಶೇಕಡಾ 20 ಕಳೆದರೆ 1627.
38ನೇ ಪಿಕ್: 465.
40ನೇ ಪಿಕ್: 429. ಒಟ್ಟು 894.
42ನೇ ಪಿಕ್: 395. ಒಟ್ಟು 1289.
44ನೇ ಪಿಕ್: 362. ಒಟ್ಟು 1651.

ನಾಲ್ಕೂ ಸೇರಿ ಕೊಡಬೇಕಾದ್ದಕ್ಕಿಂತ 24 ಹೆಚ್ಚಾಯಿತು. ಮೊದಲ ಮೂರು ಪಿಕ್ ಖಾಲಿ. ನಾಲ್ಕನೆಯದರಲ್ಲಿ 24 ಪಾಯಿಂಟ್ ಉಳಿಯಿತು, ಅಂಗಡಿಯವನು ವಾಪಸು ಕೊಟ್ಟ ಚಿಲ್ಲರೆಯಂತೆ. ಪಟ್ಟಿಯಲ್ಲಿ 71ನೇ ಪಿಕ್‌ನ ಬೆಲೆ 29, 72ನೆಯದರದು 19. ಹಾಗಾಗಿ 44ನೇ ಪಿಕ್ ಅಲ್ಲಿಂದ ಜಾರಿ 71ರ ಆಚೆ ಹೋಗಿ ಕೂರುತ್ತದೆ. ಕ್ಲಬ್ಬಿಗೆ ಸಿಕ್ಕಿದ್ದು ವರ್ಷದ ನಾಲ್ಕನೇ ಅತ್ಯುತ್ತಮ ಹುಡುಗ. ಕೈಬಿಟ್ಟದ್ದು ಮೂರನೇ ಸುತ್ತಿನ ನಾಲ್ಕು ಪಿಕ್. ಆ ಜಾಗದಲ್ಲಿ ಸಿಗುವ ಹುಡುಗರಲ್ಲಿ ಅರ್ಧಕ್ಕರ್ಧ ಜನರ ಹೆಸರು ನಾಲ್ಕು ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಈ ಪಟ್ಟಿ ನೋಡಿದ ಕೂಡಲೇ ಕ್ಲಬ್ಬುಗಳ ಲೆಕ್ಕಿಗರ ಕಣ್ಣು ಅರಳಿತು. ಮನೆಮಗ ಬರುವ ವರ್ಷ ಗೊತ್ತೇ ಇರುತ್ತದೆ, ಅವನು ಹುಟ್ಟಿದ ದಿನದಿಂದಲೂ. ಆ ವರ್ಷ ಕೈಯಲ್ಲಿ ಒಳ್ಳೆಯ ಪಿಕ್ ಇಟ್ಟುಕೊಳ್ಳುವುದು ದಡ್ಡತನ, ಬಿಡ್‌ಗೆ ಅದೇ ಮೊದಲು ಕರಗಿಹೋಗುತ್ತದೆ. ಹಾಗಾಗಿ ಡ್ರಾಫ್ಟಿಗೆ ಮೊದಲೇ ಆ ಪಿಕ್ಕನ್ನು ಬೇರೆಯವರಿಗೆ ಕೊಟ್ಟು ಐದಾರು ಸಣ್ಣ ಪಿಕ್ ತಂದುಕೊಳ್ಳುವುದು. ಐನೂರರ ನೋಟು ಕೊಟ್ಟು ಚಿಲ್ಲರೆ ಮಾಡಿಸುವುದೆಂದರೆ ಇದೇ. ಅಥವಾ ಅದರ ಬದಲಿಗೆ ಒಬ್ಬ ಪಳಗಿದ ಆಟಗಾರನನ್ನೇ ತಂದು, ಮಗನಿಗೆ ಚಿಲ್ಲರೆ ಕೊಟ್ಟು, ಎರಡೂ ಹಣ್ಣು ಬುಟ್ಟಿಗೆ ಹಾಕಿಕೊಳ್ಳುವುದು. ಪಾಯಿಂಟ್ ಸಾಲದೆ ಬಂದರೆ ಮುಂದಿನ ವರ್ಷದ ಪಿಕ್‌ನಿಂದ ಮುರಿದುಕೊಳ್ಳಿ ಎಂದು ಸಾಲ ಬರೆಸುವ ಅವಕಾಶವೂ ಇದೆ.

ಉಳಿದ ಕ್ಲಬ್ಬುಗಳು ಸುಮ್ಮನಿರಲಿಲ್ಲ. ಅದರಲ್ಲೂ ಬ್ರಿಸ್ಬೇನ್ ನೋಡಿ ಹೊಟ್ಟೆ ಉರಿದುಕೊಂಡವರು ಬಹಳ. ಅಲ್ಲಿ 2001, 2002, 2003ರಲ್ಲಿ ಸತತ ಮೂರು ಪ್ರಶಸ್ತಿ ಗೆದ್ದ ತಂಡದಲ್ಲಿ ಮಾರ್ಕಸ್ ಆಶ್‌ಕ್ರಾಫ್ಟ್ ಇದ್ದ. ಮಗ ವಿಲ್ 2022ರಲ್ಲಿ ಪಿಕ್ 2ರ ಬಿಡ್‌ಗೆ ಬಂದ. ಇನ್ನೊಬ್ಬ ಮಗ ಲೆವೈ 2024ರಲ್ಲಿ ಪಿಕ್ 5ಕ್ಕೆ ಬಂದ, ಅದೂ ಬ್ರಿಸ್ಬೇನ್ ಪ್ರಶಸ್ತಿ ಗೆದ್ದು ಎರಡು ತಿಂಗಳೊಳಗೆ. ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ 2024ರಲ್ಲೂ 2025ರಲ್ಲೂ ವಿಲ್‌ನ ಕೊರಳಿಗೇ ಬಿತ್ತು. ಪ್ರಶಸ್ತಿ ಗೆದ್ದ ತಂಡಕ್ಕೇ ಇಂಥ ಹುಡುಗ ಬರುತ್ತಿದ್ದರೆ ಡ್ರಾಫ್ಟ್ ಯಾಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಲೀಗ್ 2025ರ ಡ್ರಾಫ್ಟಿನಿಂದ ಪಟ್ಟಿ ಬಿಗಿ ಮಾಡಿತು. ರಿಯಾಯಿತಿ ಶೇಕಡಾ 20ರಿಂದ 10ಕ್ಕೆ ಇಳಿಯಿತು. ಕೆಳಗಿನ ಪಿಕ್‌ಗಳ ಬೆಲೆ ಕುಸಿಯಿತು, 54ರ ನಂತರದ ಪಿಕ್‌ಗೆ ಬೆಲೆಯೇ ಇಲ್ಲ. ಅಂದರೆ ಚಿಲ್ಲರೆ ಈಗ ಅಷ್ಟು ನಡೆಯುವುದಿಲ್ಲ. ನನ್ನ ಮಟ್ಟಿಗೆ ಇದು ಸರಿಯಾದ ದಾರಿ: ಮಗನನ್ನು ಕರೆದುಕೊಳ್ಳಿ, ಬೇಡ ಎಂದವರು ಯಾರು, ಆದರೆ ಪೂರ್ತಿ ದುಡ್ಡು ಕೊಟ್ಟು ಕರೆದುಕೊಳ್ಳಿ.

ಹಂತ 6: ಸರದಿ ಸರಿಯುವುದನ್ನು ಗಮನಿಸಿ

ಹೊಸಬರು ಎಡವುವ ಜಾಗ ಇದು. ಪಿಕ್ 2ರಲ್ಲಿ ಬಂದ ಬಿಡ್ ಮ್ಯಾಚ್ ಆದರೆ ಆ ಹುಡುಗನ ಹೆಸರಿನ ಮುಂದೆ ಪಿಕ್ 2 ಎಂದೇ ದಾಖಲಾಗುತ್ತದೆ. ಬಿಡ್ ಮಾಡಿದವರು ತಮ್ಮ ಸರದಿ ಕಳೆದುಕೊಳ್ಳುವುದಿಲ್ಲ, ಅವರ ಪಿಕ್ 2 ಈಗ ಪಿಕ್ 3 ಆಗುತ್ತದೆ. ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಹಿಂದೆ. ಬೆಳಿಗ್ಗೆ ಪತ್ರಿಕೆಯಲ್ಲಿ 'ನಮ್ಮ ತಂಡಕ್ಕೆ ಪಿಕ್ 9' ಎಂದು ಓದಿದ ಅಳಿಯ ರಾತ್ರಿ ಪಿಕ್ 12 ಎಂದು ಗೊಣಗುತ್ತಿದ್ದರೆ ಕಾರಣ ಇಷ್ಟೇ. ಮೇಲೆ ಮೂರು ಬಿಡ್ ಮ್ಯಾಚ್ ಆಗಿವೆ.

ಯಾರೂ ಬಿಡ್ ಮಾಡದಿದ್ದರೆ? ಅಪ್ಪನ ಕ್ಲಬ್ಬು ತನ್ನ ಕೊನೆಯ ಪಿಕ್‌ನಲ್ಲಿ ಹುಡುಗನನ್ನು ಕರೆದುಕೊಳ್ಳುತ್ತದೆ. ಗದ್ದಲವಿಲ್ಲ.

ಹಳಬರೊಡನೆ ಕೂತು ಮಾತಾಡುವುದಾದರೆ

ಮೆಲ್ಬರ್ನ್ ಟ್ರಾಮಿನಲ್ಲಿ ಪಕ್ಕ ಕೂತ ಹಿರಿಯರು ಮಾತಿಗೆ ಸಿಕ್ಕರೆ 'ಜೀಲಾಂಗ್' ಕ್ಲಬ್ಬಿನ ಹೆಸರು ಹೇಳಿ ನೋಡಿ. 2007ಕ್ಕೆ ಮೊದಲು ಈ ಬಿಡ್, ಮ್ಯಾಚ್ ಏನೂ ಇರಲಿಲ್ಲ. ಕೊನೆಕೊನೆಗೆ ಇದ್ದ ನಿಯಮದಂತೆ ಹುಡುಗ ಎಂಥ ಪ್ರತಿಭೆಯಾದರೂ ಅಪ್ಪನ ಕ್ಲಬ್ಬು ಮೂರನೇ ಸುತ್ತಿನ ಒಂದು ಪಿಕ್ ಕೊಟ್ಟರೆ ಮುಗಿಯಿತು. ಜೀಲಾಂಗ್‌ನ ದಂತಕಥೆ ಗ್ಯಾರಿ ಆಬ್ಲೆಟ್‌ನ ಮಗ, ಅದೇ ಹೆಸರಿನ ಗ್ಯಾರಿ ಆಬ್ಲೆಟ್ ಜೂನಿಯರ್, 2001ರಲ್ಲಿ 40ನೇ ಪಿಕ್‌ಗೆ ಸಿಕ್ಕ. ಮುಂದೆ ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕ ಎರಡು ಸಲ ಗೆದ್ದವನು. 2006ರಲ್ಲಿ ಟಾಮ್ ಹಾಕಿನ್ಸ್ 41ನೇ ಪಿಕ್‌ಗೆ ಬಂದಾಗ ಉಳಿದ ಕ್ಲಬ್ಬುಗಳ ತಾಳ್ಮೆ ಮುಗಿಯಿತು. ಮೊದಲ ಕೆಲವರಲ್ಲಿ ಒಬ್ಬನಾಗಿ ಹೋಗಬೇಕಿದ್ದ ಹುಡುಗ ಕವಡೆ ಕಾಸಿಗೆ ಹೋದ ಎಂದು ಬೊಬ್ಬೆ ಎದ್ದಿತು. ಮರುವರ್ಷವೇ ಬಿಡ್ ಪದ್ಧತಿ ಬಂತು. ಅಷ್ಟರಲ್ಲಿ ಜೀಲಾಂಗ್ ಬೇಕಾದವರನ್ನೆಲ್ಲ ಒಳಗೆ ಹಾಕಿಕೊಂಡಾಗಿತ್ತು: 2007, 2009, 2011ರಲ್ಲಿ ಮೂರು ಪ್ರಶಸ್ತಿ. 2007ರಿಂದ 2014ರವರೆಗೆ ಬಿಡ್‌ಗೆ ಪ್ರತಿಯಾಗಿ ಕ್ಲಬ್ಬಿನ ಮುಂದಿನ ಒಂದು ಪಿಕ್ ಕೊಟ್ಟರೆ ಸಾಕಿತ್ತು. ಪಾಯಿಂಟ್ ಪಟ್ಟಿ ಬಂದದ್ದು ಆಮೇಲೆ.

ಹೆಣ್ಣುಮಕ್ಕಳ ಲೀಗ್ 2017ರಲ್ಲಿ ಶುರುವಾದ ಮೇಲೆ ಅಪ್ಪ-ಮಗಳ ನಿಯಮವೂ ಬಂದಿದೆ. ಕಾರ್ಲ್ಟನ್‌ನ ಆಂಡ್ರ್ಯೂ ಮೆಕೇಯ ಮಗಳು ಆಬಿ 2018ರಲ್ಲಿ ಅದರ ಅಡಿ ಅದೇ ಕ್ಲಬ್ಬಿಗೆ ಬಂದಳು.

ಪ್ರತಿ ವರ್ಷ ಡ್ರಾಫ್ಟಿಗೆ ಮೊದಲು ಆ ವರ್ಷದ ಪಾಯಿಂಟ್ ಪಟ್ಟಿಯನ್ನೂ ರಿಯಾಯಿತಿಯನ್ನೂ ಹೊಸದಾಗಿ ನೋಡಿಕೊಳ್ಳಿ. ಲೀಗಿನವರು ಇದನ್ನು ತಿದ್ದುತ್ತಲೇ ಇರುತ್ತಾರೆ, ಹಳೆಯ ಲೆಕ್ಕ ಹಿಡಿದು ವಾದಕ್ಕೆ ಕೂತರೆ ಮುಖಭಂಗ ಖಂಡಿತ.

ಕಲಿತದ್ದು ಗಟ್ಟಿಯಾಗಲಿ ಎಂದರೆ ಅಭ್ಯಾಸಕ್ಕೆ ಒಂದು ಹೆಸರು ಕೊಡುತ್ತೇನೆ: ರಾನ್ ಬರಾಸಿ. ಅಪ್ಪ ಮೆಲ್ಬರ್ನ್ ಕ್ಲಬ್ಬಿಗೆ ಆಡಿದ ಪಂದ್ಯಗಳು 58. ಎರಡನೇ ಹಂತಕ್ಕೆ ಹಿಂದಿರುಗಿ, ಈಗಿನ ನಿಯಮದಲ್ಲಿ ಮಗ ಆ ಕ್ಲಬ್ಬಿಗೆ ಹೋಗಬಹುದಿತ್ತೇ ನೋಡಿ. 42 ಪಂದ್ಯ ಕಡಿಮೆ ಬೀಳುತ್ತದೆ.